ನಿಮ್ಮ ಮನೀ ಲೈನು, ಮಾತಾಡ್ರಿ

ಮೊನ್ನೆ ನೆಗಡಿ ಜೋರಾಗಿತ್ತು. ಸೊಸೆ ಬಿಸಿನೀರಿನ ಪಾತ್ರೆಗೆ ನೀಲಗಿರಿ ಎಣ್ಣೆಯ ನಾಲ್ಕು ಹನಿ ಬಿಟ್ಟು, ನನ್ನ ತಲೆಯ ಮೇಲೆ ಟವೆಲ್ ಹೊದಿಸಿ ಕೂರಿಸಿದಳು. ಆ ಹಬೆ ಮೂಗಿಗೆ ಏರಿದ್ದೇ ತಡ, ಸೇಡಂನ ನಮ್ಮ ಮನೆಯ ಡೈನಿಂಗ್ ಟೇಬಲ್ ಎಲ್ಲೋ ಹೋಯಿತು. ಶಹಾಬಾದಿನ ಹಳೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಎತ್ತರದ ಸ್ಟೂಲಿನ ಮೇಲೆ, ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂತಿದ್ದೆ. ಪಕ್ಕದಲ್ಲಿ ನಮ್ಮ ಹಿರಿಯ ಆಪರೇಟರ್ ಅಕ್ಕ ಇದ್ದರು. ನೀಲಗಿರಿ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಮೌತ್‌ಪೀಸ್ ಒರೆಸುತ್ತಿದ್ದರು. ಡ್ಯೂಟಿಗೆ ಮುಂಚೆ ಒಂದು ಸಲ, ಡ್ಯೂಟಿ ಮುಗಿದ ಮೇಲೆ ಇನ್ನೊಂದು ಸಲ.

"ಮೊದಲಿಂದು ಹಿಂದಿನ ಪಾಳಿಯಾಕಿ ಎಂಜಲಕ್ಕ, ಆಮ್ಯಾಲಿಂದು ಊರ ಮಂದಿ ಎಂಜಲಕ್ಕ" ಎನ್ನುತ್ತಿದ್ದರು.

ಟವೆಲ್ ಕಿತ್ತು ಎದ್ದುಬಿಟ್ಟೆ. ಸೊಸೆ ಗಾಬರಿಯಾದಳು. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಬರೆದರೆ ಹಗುರಾದೀತೆಂದು ಪೆನ್ನು ಹಿಡಿದಿದ್ದೇನೆ. ಇಷ್ಟು ಬರೆಯುವುದರೊಳಗೇ ಎದ್ದು ಅಂಗಳಕ್ಕೆ ಹೋಗಿ ಬಂದೆ. ಅಲ್ಲೇನೂ ಕೆಲಸವಿರಲಿಲ್ಲ...

ಎಕ್ಸ್‌ಚೇಂಜಿನಲ್ಲಿ ಎಲ್ಲರಿಗೂ ಅವರು ಅಕ್ಕಾರು. ಡಿಪಾರ್ಟ್‌ಮೆಂಟಿನಲ್ಲಿ ಲೈನ್‌ಮನ್ ಆಗಿದ್ದ ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಾಗ ಆ ಅನುಕಂಪದ ಮೇಲೆ ಸಿಕ್ಕ ನೌಕರಿ. ಮನೆ ಚಿತ್ತಾಪುರದಲ್ಲಿ. ಮಾವ ಒಂದು ಸಣ್ಣ ಗುಡಿಯ ಪೂಜೆ ಮಾಡಿಕೊಂಡಿದ್ದವರು, ಅವರೂ ಇಲ್ಲ. ಉಳಿದದ್ದು ಕಣ್ಣು ಕಾಣದ ಅತ್ತೆ ಒಬ್ಬರೇ. ಅಕ್ಕ ಬೆಳಗಿನ ಮಡಿಯಲ್ಲಿ ಅಡುಗೆ ಮಾಡಿ, ಅತ್ತೆಯ ಕೈಗೆ ಸಿಗುವಂತೆ ಎಲ್ಲ ಇಟ್ಟು, ಪ್ಯಾಸೆಂಜರ್ ಹಿಡಿದು, ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಬರುತ್ತಿದ್ದರು. ಸಂಜೆ ಅದೇ ದಾರಿಯಲ್ಲಿ ವಾಪಸು. ರೈಲಿರುವ ಊರಿನಲ್ಲಿ ಪೋಸ್ಟಿಂಗ್ ಇದ್ದರಷ್ಟೇ ಅವರ ಸಂಸಾರ ನಡೆಯುತ್ತಿತ್ತು. ಅದಕ್ಕೇ ಸರ್ವಿಸ್ ರೆಕಾರ್ಡ್ ಕ್ಲೀನ್ ಇರಬೇಕು ಎಂದು ಸದಾ ಹೇಳುತ್ತಿದ್ದರು. ಹಾಗೆ ಹೇಳುತ್ತಲೇ ಆ ಕೆಲಸವನ್ನೂ ಮಾಡುತ್ತಿದ್ದರು. ಆ ಕೆಲಸದ ಬಗ್ಗೆಯೇ ನಾನು ಬರೆಯಹೊರಟದ್ದು.

ನಾನು ವಾಡಿಯ ರೈಲ್ವೆ ಕಾಲನಿಯ ಹುಡುಗಿ, ಸಿಸ್ಟರ್‌ಗಳ ಕೈಯಲ್ಲಿ ಓದಿದವಳು. "ನಂಬರ್ ಪ್ಲೀಸ್" ಎಂದು ಚೆಂದಾಗಿ ಅನ್ನುತ್ತೇನೆಂದೇ ನನ್ನನ್ನು ತೆಗೆದುಕೊಂಡಿದ್ದರು ಎಂದು ಕಾಣುತ್ತದೆ. ಕಾನ್ವೆಂಟಿನಲ್ಲಿ ನಮಗೆ ಬೈಯಲು ಇದ್ದ ಅತಿ ದೊಡ್ಡ ಶಬ್ದ "ಸ್ಟುಪಿಡ್". ಅದಕ್ಕೂ ಸಿಸ್ಟರ್ ಪ್ರಿನ್ಸಿಪಾಲ್ "ಲ್ಯಾಂಗ್ವೇಜ್, ಗರ್ಲ್ಸ್!" ಎನ್ನುತ್ತಿದ್ದರು. ಕಾಲನಿಯ ನಲ್ಲಿಯ ಹತ್ತಿರ ಜಗಳವಾದಾಗ ಅಮ್ಮ ನನ್ನನ್ನು ಒಳಗೆ ಕರೆದು ಕಿಟಕಿ ಮುಚ್ಚುತ್ತಿದ್ದಳು. ಹೀಗಾಗಿ ಶಹಾಬಾದಿಗೆ ಬಂದಾಗ ನನಗೆ ನನ್ನ ಊರ ಭಾಷೆ ಅರ್ಧವೇ ಬರುತ್ತಿತ್ತು.

ಉಳಿದರ್ಧ ಹೆಡ್‌ಸೆಟ್ಟಿನಲ್ಲಿ ಬಂತು.

ಆಗಿನ ಫೋನು ಹೇಗಿತ್ತೆಂದು ಈಗಿನವರಿಗೆ ಹೇಳಬೇಕು. ಯಾರೂ ಯಾರಿಗೂ ತಾವೇ ಫೋನ್ ಮಾಡುವಂತಿರಲಿಲ್ಲ. ರಿಸೀವರ್ ಎತ್ತಿದರೆ ನಮ್ಮ ಬೋರ್ಡಿನಲ್ಲಿ ಅವರ ನಂಬರಿನ ದೀಪ ಹೊತ್ತಿಕೊಳ್ಳುತ್ತಿತ್ತು. ನಾವು ಒಂದು ಪ್ಲಗ್ ಅವರ ತೂತಿಗೆ ಹಾಕಿ ಯಾರು ಬೇಕೆಂದು ಕೇಳಿ, ಅದೇ ದಾರದ ಜೋಡಿ ಪ್ಲಗ್ಗನ್ನು ಆ ಕಡೆಯವರ ತೂತಿಗೆ ಹಾಕಬೇಕು. ಊರಾಚೆಗಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ನೆಲಕ್ಕೆ ಹಾಸುವ ಫರ್ಸಿಕಲ್ಲಿನ ವ್ಯಾಪಾರಿಗಳು, ದಾಲ್ ಮಿಲ್ಲಿನವರು, ಕಾಳಿನ ದಲ್ಲಾಳಿ ಮಾಡುವ ಅಡತ್ ಅಂಗಡಿಯವರು ಹೈದರಾಬಾದಿಗೋ ಸೋಲಾಪುರಕ್ಕೋ ಬುಕ್ ಮಾಡಿ ಗಂಟೆಗಟ್ಟಲೆ ಕೂರುತ್ತಿದ್ದರು. ಲೈನು ಸಿಗದಿದ್ದರೆ ಆ ಸಿಟ್ಟೆಲ್ಲ ಬೋರ್ಡಿನ ಮುಂದಿದ್ದ ಹೆಣ್ಣಿನ ಕಿವಿಗೆ. ನಮಗೆ ತಿರುಗಿ ಮಾತಾಡುವ ಹಕ್ಕಿಲ್ಲ. ರೂಲ್ ಬುಕ್ಕಿನಲ್ಲೇ ಇತ್ತು, "ಆಪರೇಟರ್ ಶಲ್ ನಾಟ್ ಆರ್ಗ್ಯೂ."

ನನ್ನ ಮೊದಲ ವಾರದಲ್ಲೇ ಒಬ್ಬ ಅಡತ್ ಅಂಗಡಿಯವನು ನನಗೆ ಏನೋ ಅಂದ. ಅದರಲ್ಲಿ ನನ್ನ ಅವ್ವ ಬಂದಿದ್ದಳು. ಅಷ್ಟು ಮಾತ್ರ ತಿಳಿಯಿತು. ಹೆಡ್‌ಸೆಟ್ ಸರಿಸಿ ಕೇಳಿದೆ, "ಅಕ್ಕಾರ, ಹಂಗಂದ್ರ ಏನ್ರಿ?"

ಅಕ್ಕ ನನ್ನ ಮುಖವನ್ನೇ ನೋಡಿದರು. "ಅವಗ ಸೋಲಾಪುರ ಲೈನ್ ಸಿಕ್ಕಿಲ್ಲಂತ" ಎಂದರು. ಆಮೇಲೆ ನಕ್ಕು, "ಏ ಕಾನ್ವೆಂಟ್, ನಿಮ್ಮ ಸಿಸ್ಟರ್‌ಗೋಳು ಇದೊಂದು ಕಲಿಸ್ಲಿಲ್ಲ ನೋಡು" ಎಂದರು. ಅವತ್ತಿನಿಂದ ನನ್ನ ಹೆಸರು ಕಾನ್ವೆಂಟ್ ಎಂದೇ ಆಯಿತು.

ಕಿವಿ ಒಮ್ಮೆ ತೆರೆದ ಮೇಲೆ ಮುಚ್ಚುವುದಿಲ್ಲ. ಸಿಟ್ಟಿನಲ್ಲಿ ಮಾತ್ರ ಬೈಯುತ್ತಾರೆ ಎಂದುಕೊಂಡಿದ್ದೆ. ಹಾಗೇನಿಲ್ಲ. ಗೆಳೆಯ ಗೆಳೆಯನಿಗೆ ಫೋನ್ ಹಚ್ಚಿಸಿಕೊಂಡು "ಏ ಸೂಳಿಮಗನ, ಎಲ್ಲಿ ಸತ್ತಿದ್ದಿಲೇ?" ಎಂದು ಪ್ರೀತಿಯಿಂದ ಶುರು ಮಾಡುತ್ತಿದ್ದ. ಮಾತಿನ ನಡುವೆ ಉಸಿರು ತೆಗೆದುಕೊಳ್ಳಲೂ ಅದೇ ಶಬ್ದ. ಇಬ್ಬರು ಗಂಡಸರ ಜಗಳದಲ್ಲಿ ಅಲ್ಲಿ ಇಲ್ಲದ ಒಬ್ಬ ಹೆಂಗಸು ಬಂದೇ ಬರಬೇಕು, ಅವನ ತಾಯಿ, ಇಲ್ಲ ಇವನ ತಂಗಿ. ಬಾಕಿ ಕೊಡದವನು ರಂಡಿಮಗ, ಎಂದರೆ ಗಂಡ ಸತ್ತವಳ ಮಗ. ಹೆದರಿದವನಿಗೆ "ಬಳಿ ಹಾಕ್ಕೋ ಹೋಗು". ನಮ್ಮ ಅಕ್ಕಾರಂಥ ಗಟ್ಟಿ ಹೆಂಗಸನ್ನು ಕಂಡರೆ "ಗಂಡಸು ಇದ್ದಂಗ ಅದಾಳ", ಅದು ಶಭಾಷ್‌ಗಿರಿ! ಹೆಂಗಸರೂ ಜಗಳಾಡುವಾಗ ಅವೇ ಶಬ್ದಗಳನ್ನು ಎತ್ತಿಕೊಳ್ಳುತ್ತಿದ್ದರು. ಬೇರೆ ಯಾವುವು ಇದ್ದವು ಅವರಿಗಾದರೂ? ಗಂಡ ಇಲ್ಲದವಳು ಎಂಬುದನ್ನೇ ಬೈಗುಳ ಮಾಡಿಕೊಂಡ ಊರಿನಲ್ಲಿ, ಗಂಡ ಇಲ್ಲದ ಅಕ್ಕ ದಿನವಿಡೀ ಕೂತು ಎಲ್ಲರ ದಾರ ಜೋಡಿಸುತ್ತಿದ್ದರು.

ಅಕ್ಕ ಮಾಡುತ್ತಿದ್ದ ಆ ಕೆಲಸ ಇದು. ಯಾರಾದರೂ ಅಂಗಡಿಯಿಂದ ಹೊಲಸು ಬೈಯಲು ಶುರು ಮಾಡಿದರೆ, ಅಕ್ಕ ಲೈನು ಕಟ್ ಮಾಡುತ್ತಿರಲಿಲ್ಲ. ಬಲು ವಿನಯದಿಂದ "ಒಂದ್ ನಿಮಿಷ ತಡೀರಿ ಸಾವ್ಕಾರ್ರ, ಲೈನ್ ಕೊಡಾಕತ್ತೀನಿ" ಎನ್ನುತ್ತಿದ್ದರು. ಜೋಡಿ ಪ್ಲಗ್ಗನ್ನು ಅದೇ ಮನುಷ್ಯನ ಮನೆಯ ನಂಬರಿಗೆ ಹಾಕಿ ರಿಂಗ್ ಕೊಡುತ್ತಿದ್ದರು. ಅಂಗಡಿಗೂ ಮನೆಗೂ ಫೋನ್ ಇದ್ದ ಧಣಿಗಳು ಊರಲ್ಲಿ ಕೆಲವರೇ, ಆದರೆ ಬೈಯುವುದರಲ್ಲಿ ಅವರೇ ಮುಂದು. ಈ ಕಡೆ ಇವನ ಬೈಗುಳ ನಡೆದೇ ಇರುತ್ತಿತ್ತು, ಆ ಕಡೆ ಹೆಂಡತಿಯೋ ತಾಯಿಯೋ ಫೋನ್ ಎತ್ತಿರುತ್ತಿದ್ದರು.

"ಯಾರ್ರೀ?" ಎಂದು ಹೆಣ್ಣುದನಿ.

ಇವನು ಗಪ್.

ಅಕ್ಕ ನಡುವಿನಿಂದ ಮೆಲ್ಲಗೆ, "ನಿಮ್ಮ ಮನೀ ಲೈನು, ಮಾತಾಡ್ರಿ."

ಒಬ್ಬ ಹೊಸದಾಗಿ ಮದುವೆಯಾದ ಟಿಂಬರ್ ಡಿಪೋದವನು ಸಿಕ್ಕಿಬಿದ್ದಾಗ ಏನು ಮಾಡಬೇಕೆಂದು ತಿಳಿಯದೆ, "ಅದು... ಅಡಗಿ ಏನ್ ಮಾಡೀದಿ?" ಎಂದ. ಹೆಂಡತಿ, "ಈಗರೆ ಉಂಡು ಹೋಗೀರಲ್ರೀ! ಯಾರಿಗ್ ಬೈಯಾಕತ್ತಿದ್ರಿ ಅಷ್ಟೊತ್ತು?" ಎಂದಳು. ನಾನು ನಗು ತಡೆಯಲಾರದೆ ಸ್ಟೂಲಿನಿಂದ ಇಳಿದು ಗೋಡೆಗೆ ಮುಖ ಮಾಡಿ ನಿಂತೆ. ಅಕ್ಕ ಮಾತ್ರ ದೇವರ ಮುಂದೆ ಕೂತವರಂತೆ ಗಂಭೀರ.

ಯಾರೂ ಕಂಪ್ಲೇಂಟ್ ಕೊಡುತ್ತಿರಲಿಲ್ಲ. ಕೊಟ್ಟರೆ ತಾನು ಏನಂದೆ ಎಂಬುದನ್ನು ಹೇಳಬೇಕಲ್ಲ! ನಮ್ಮ ಸೂಪರ್‌ವೈಸರ್‌ಗೆ ಗೊತ್ತಿತ್ತು, ಗೊತ್ತಿಲ್ಲದಂತೆ ಇರುತ್ತಿದ್ದರು. "ಇದು ನೌಕರಿಗೆ ಬರೂದು ಅದ" ಎಂದು ನಾನೊಮ್ಮೆ ಅಂಜಿ ಹೇಳಿದಾಗ ಅಕ್ಕ ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಎಂಥಾ ಮನಷ್ಯಾ ಇರ್ಲಿ ಕಾನ್ವೆಂಟ್, ಅವನಿಗೊಬ್ಬಾಕಿ ಇರ್ತಾಳ, ಆಕಿ ಮುಂದ ನಾಲಗಿ ಬಿಗಿ ಹಿಡಿತಾನ. ನಾ ಆಕಿನ್ನ ಕರದು ಕೊಡ್ತೀನಿ, ಅಷ್ಟಽ."

ಅಷ್ಟೇ ಎಂದು ಅವರು ನಂಬಿದ್ದರು. ನಾನೂ ನಂಬಿದ್ದೆ.

ಊರಿನಲ್ಲಿ ಒಬ್ಬ ಫರ್ಸಿಕಲ್ಲಿನ ಸಾವ್ಕಾರ ಇದ್ದ. ಗಣಿ ಇತ್ತು, ಪಾಲಿಶ್ ಯಾರ್ಡ್ ಇತ್ತು. ಬಾಯಿ ಮಾತ್ರ ಗಟಾರ. ಒಂದು ಮಧ್ಯಾಹ್ನ ಅವನ ಮುಂಬಯಿ ಕಾಲ್ ಬರುವುದು ತಡವಾಯಿತು. ಅಕ್ಕನಿಗೆ ಶುರು ಮಾಡಿದ. ನಾನು ಪಕ್ಕದ ಬೋರ್ಡಿನಲ್ಲಿದ್ದೆ. ಅಕ್ಕ ಕೈಸನ್ನೆ ಮಾಡಿ ಕರೆದರು, ಅವರ ಹೆಡ್‌ಸೆಟ್ಟಿಗೆ ನಾನೂ ಕಿವಿ ಆನಿಸಿದೆ. ಪ್ಲಗ್ ಅವನ ಮನೆಗೆ ಹೋಯಿತು, ರಿಂಗ್ ಹೋಯಿತು, ಯಾರೋ ಎತ್ತಿದರು. ಅವನು ಅದೇ ತಾಯಿ ಮೇಲಿನ ಮಾತನ್ನು ಎರಡನೇ ಸಲ ಅನ್ನುತ್ತಿದ್ದ.

ಆ ಕಡೆಯಿಂದ ಮುದುಕಿಯೊಬ್ಬಳ ದನಿ ಬಂತು. "ಸಾರು ಚೆಂದ ಆಗಿಲ್ಲೇನೋ ಯಪ್ಪಾ?"

ಅವನು ರಿಸೀವರ್ ಕುಕ್ಕಿದ. ನಾವಿಬ್ಬರೂ ನಕ್ಕೆವು. ಪಾಪ, ಮುದುಕಿಗೆ ಕಿವಿ ಮಂದ ಇರಬೇಕು, ಯಾವ ಸಾರೋ ಏನೋ ಎಂದು ಅಕ್ಕನೂ ನಕ್ಕರು. ಆ ನಗು... ಇರಲಿ.

ಈತ ಕಂಪ್ಲೇಂಟ್ ಕೊಟ್ಟ. ಉಳಿದವರಂತೆ ನಾಚಲಿಲ್ಲ. ಕೇಳದೆ ಲೈನು ಕೊಟ್ಟು, ವಯಸ್ಸಾದ ತನ್ನ ತಾಯಿಗೆ ಆಪರೇಟರ್ ಮಾನಸಿಕ ಹಿಂಸೆ ಮಾಡಿದ್ದಾಳೆ ಎಂದು ಬರೆದಿದ್ದ. ಗುಲಬರ್ಗಾದಿಂದ ಆಫೀಸರೊಬ್ಬರು ಎನ್ಕ್ವೈರಿಗೆ ಬಂದರು. ಅಂದು ಬೆಳಗ್ಗೆ ಅಕ್ಕ ಮೌತ್‌ಪೀಸ್ ಒರೆಸುತ್ತ, "ಸಸ್ಪೆಂಡ್ ಮಾಡಿದ್ರ ಹೆಂಗರೆ ಮಾಡಿ ತಡಕೋಬಹುದು. ಚಿಂಚೋಳಿಗೆ ಹಾಕಿದ್ರ ಅತ್ತೀದು ಏನ್ ಮಾಡ್ಲಿ? ಅಲ್ಲಿಗೆ ರೈಲಿಲ್ಲ" ಎಂದರು, ಅಷ್ಟೇ.

ಸೂಪರ್‌ವೈಸರ್ ಕೋಣೆಯಲ್ಲಿ ಕುರ್ಚಿ ಹಾಕಿದ್ದರು. ಆಫೀಸರು ಒಳ್ಳೆಯವರೇ, ರೂಡ್ ಅಲ್ಲ. ಅಕ್ಕನನ್ನು ಕೇಳಿದರು, "ಏನಂತ ಬೈದ್ರು ಅವರು? ಅದೇ ಶಬ್ದ ಹೇಳ್ರಿ, ರೆಕಾರ್ಡ್ ಆಗಬೇಕು."

"ಆ ಮಾತು ನನ್ನ ಬಾಯಾಗ ಬರಂಗಿಲ್ಲರಿ" ಎಂದರು ಅಕ್ಕ.

"ಮತ್ತ ಅವರು ಬೈದಾರಂತ ಹೆಂಗ್ ತಿಳೀಬೇಕು?"

ಸಾವ್ಕಾರ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಆ ಶಬ್ದ ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು. ಚಹಾ ತಂದವನಿಗೂ ಗೊತ್ತಿತ್ತು. ಬೈದವನು ದಿನಕ್ಕೆಷ್ಟೋ ಸಲ ಆಡುವ ಮಾತನ್ನು ಬೈಸಿಕೊಂಡವಳು ಒಂದು ಸಲ ಆಡಿದರೆ ಮರ್ಯಾದೆ ಹೋಗುವುದು ಅವಳದು! ಸಾಕ್ಷಿಯಾಗಿ ನನ್ನನ್ನು ಕೇಳಿದರು. "ಹಿ ಅಬ್ಯೂಸ್ಡ್ ಹರ್ ಮದರ್, ಸರ್" ಎಂದೆ. ಇಂಗ್ಲಿಷಿನಲ್ಲಿ ಹೇಳಿದ ಕೂಡಲೇ ಅದಕ್ಕೆ ಇಸ್ತ್ರಿ ಮಾಡಿದಂತಾಯಿತು. ಕೊಳೆಯೂ ಇಲ್ಲ, ವಾಸನೆಯೂ ಇಲ್ಲ. ಆಫೀಸರು "ಅನ್‌ಪಾರ್ಲಿಮೆಂಟರಿ ವರ್ಡ್ಸ್" ಎಂದು ಬರೆಸಿದರು.

ಆಮೇಲೆ ಸಾವ್ಕಾರ ತನ್ನ ತಾಯಿಯನ್ನು ಒಳಗೆ ಕರೆಸಿದ. ಆಕೆಯ ನೋವನ್ನು ಆಕೆಯ ಬಾಯಿಂದಲೇ ಹೇಳಿಸಬೇಕೆಂದು ಕರೆತಂದಿದ್ದ. ಗುಂಡಗುರ್ತಿ ಕಡೆಯ ಮುದುಕಿ, ತಲೆ ತುಂಬ ಸೆರಗು, ಕೈಯಲ್ಲಿ ಎಲೆಯಡಿಕೆಯ ಸಂಚಿ. ಬಂದವಳೇ ನೆಲಕ್ಕೆ ಕೂರಹೋದಳು. ಅಕ್ಕ ಎದ್ದು ತಮ್ಮ ಕುರ್ಚಿ ಕೊಟ್ಟರು. "ಮ್ಯಾಲ ಕುಂದ್ರಿ ಅವ್ವಾರ."

ಆಫೀಸರು ದನಿ ಮೆತ್ತಗೆ ಮಾಡಿದರು. "ಅವ್ವಾರ, ಅವತ್ತ ಫೋನ್ಯಾಗ ಕೇಳಿ ನಿಮಗ ಭಾಳ ತ್ರಾಸಾತೇನು?"

"ತ್ರಾಸ ಯಾಕ್ರೀ ಸಾಹೇಬ್ರ? ಫೋನ್ ಹೊಡ್ಕೊಂತು, ಎತ್ತಿದೆ. ನನ್ನ ಮಗ ಬೈಯಾಕತ್ತಿದ್ದ. ನನಗಽ ಬೈತಾನಂತ ತಿಳಕೊಂಡೆ."

"ನಿಮಗ?"

"ಹೂಂ ಮತ್ತ. ಬುತ್ತಿ ಕಳಸಿದ್ದೆ. ಸಾರಿಗೆ ಉಪ್ಪು ಕಮ್ಮಿ ಬಿತ್ತಂದ್ರ ಇದಽ ಅಂತಾನ, ರೊಟ್ಟಿ ಆರಿತ್ತಂದ್ರ ಇದಽ ಅಂತಾನ. ಅವರಪ್ಪನೂ ಇದಽ ಅಂತಿದ್ದ. ಮನ್ಯಾಗಿಂದು ಮನ್ಯಾಗ ಕೇಳತಿದ್ದೆ, ಈ ಸಲ ಫೋನ್ಯಾಗ ಬಂತು."

"ಸುಮ್ಮ ಕುಂದ್ರವ್ವಾ!" ಎಂದ ಸಾವ್ಕಾರ. ನಾಲಗೆಯ ತುದಿಗೆ ಬಂದ ಇನ್ನೊಂದನ್ನು ಆಫೀಸರ ಮುಖ ನೋಡಿ ನುಂಗಿದ.

ಮುದುಕಿ ಮಗನ ಕಡೆ ನೋಡಲಿಲ್ಲ. ಕುರ್ಚಿ ಬಿಟ್ಟುಕೊಟ್ಟು ಗೋಡೆಗೆ ಆತು ನಿಂತಿದ್ದ ಅಕ್ಕನ ಕಡೆ ತಿರುಗಿದಳು. ನೆರೆಮನೆಯವಳನ್ನು ಕೇಳುವಂತೆ ಕೇಳಿದಳು, "ಯವ್ವಾ, ನಿನಗೂ ದಿನಾ ಅಂತಾನೇನು?"

ಎಂಥ ಮಾತಿಗೂ ಒಂದು ಉತ್ತರ ಇಟ್ಟುಕೊಂಡಿರುತ್ತಿದ್ದ ಅಕ್ಕ ಅವತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದರು. ಆಫೀಸರು ಸುಮ್ಮನೆ ನಕ್ಕಂತೆ ಮಾಡಿ ಕೆಮ್ಮಿ, ಫೈಲು ಮುಚ್ಚಿದರು.

ಸಸ್ಪೆನ್ಷನ್ ಆಗಲಿಲ್ಲ. ಸಾವ್ಕಾರನಿಗೂ ಏನೂ ಆಗಲಿಲ್ಲ. "ಅಡ್ಮಿನಿಸ್ಟ್ರೇಟಿವ್ ಗ್ರೌಂಡ್ಸ್" ಎಂದು ಬರೆದ ಒಂದು ಟ್ರಾನ್ಸ್‌ಫರ್ ಬಂತು. ಚಿಂಚೋಳಿಗೇ.

ಹೊರಡುವವರೆಗಿನ ಆ ಕೆಲವು ದಿನ ಅಕ್ಕ ಎಂದಿನಂತೆ ಬೋರ್ಡಿಗೆ ಕೂತರು. ಒಂದು ದಿನ ಮಿಲ್ಲಿನವನೊಬ್ಬ ಎಂದಿನಂತೆ ಬಾಯಿ ಬಿಟ್ಟ. ಅಕ್ಕನ ಕೈ ರೂಢಿಯಂತೆ ಜೋಡಿ ಪ್ಲಗ್ ಎತ್ತಿತು. ಎತ್ತಿದ್ದು ಅಲ್ಲೇ ನಿಂತಿತು. ನಾನು ಕಾದೆ. ನಗಲು ಸಿದ್ಧಳಾಗಿಯೇ ಕಾದಿದ್ದೆನೇನೋ. ಅವರು ನನ್ನ ಕಡೆ ತಿರುಗಿ, "ಯಾರ ಮನಿಗೆ ಹಚ್ಚಲಿ ಹೇಳು, ಕಾನ್ವೆಂಟ್?" ಎಂದರು. ಪ್ಲಗ್ ಕೆಳಗಿಟ್ಟರು. ಅವನು ಬೈದು ಮುಗಿಸುವವರೆಗೆ ಕೇಳಿದರು. ಆಮೇಲೆ "ಲೈನ್ ಎಂಗೇಜ್ ಅದರಿ" ಎಂದರು.

ಅವರ ಬಾಯಿ ಮುಚ್ಚಿಸಿದ್ದು ಆಫೀಸರಲ್ಲ, ಸಾವ್ಕಾರನೂ ಅಲ್ಲ. ಆ ಮುದುಕಿಯ ಪ್ರಶ್ನೆ. ಇಷ್ಟು ದಿನ ಅಕ್ಕ ಎಷ್ಟು ಮನೆಗಳಿಗೆ ಆ ಮಾತನ್ನು ಜೋಡಿಸಿದ್ದರೋ, ಆ ಮನೆಗಳಲ್ಲಿ ಫೋನ್ ಎತ್ತಿದ ಎಷ್ಟು ಹೆಂಗಸರು ಅದನ್ನು ಹೊಸದಾಗಿ ಕೇಳಿದರೋ, ಎಷ್ಟು ಮಂದಿ ತಮಗೇ ಅಂದುಕೊಂಡರೋ... ನನಗೆ ಹೀಗೆ ಅನಿಸಿದ್ದು ಬಹಳ ತಡವಾಗಿ. ಅವರಿಗೆ ಆ ಕೋಣೆಯಲ್ಲೇ ಅನಿಸಿತ್ತು.

ಅತ್ತೆ ಚಿತ್ತಾಪುರ ಬಿಟ್ಟು ಬರಲು ಒಪ್ಪಲಿಲ್ಲ. ಗಂಡ ಪೂಜೆ ಮಾಡಿದ ಗುಡಿಯ ಗಂಟೆ ಕೇಳದ ಊರಿನಲ್ಲಿ ತನಗೆ ಬೆಳಗಾದದ್ದು ಹೇಗೆ ತಿಳಿಯಬೇಕು ಎಂದರಂತೆ. ಅಕ್ಕ ನೆಂಟರ ಹುಡುಗಿಯೊಬ್ಬಳನ್ನು ಜೊತೆಗಿಟ್ಟು, ವಾರದ ರಜೆಗೆ ಬಸ್ಸು ಬದಲಿಸುತ್ತ ಓಡಾಡಿದರು. ಒಂದು ಸಲ ಚಿಂಚೋಳಿಗೆ ಹೋಗಿ ಅವರನ್ನು ನೋಡಿ ಬಂದೆ. ಪುಟ್ಟ ಬೋರ್ಡು, ಕೆಲವೇ ಲೈನು, ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಚಿಮ್ಮನಚೋಡದ ಕಡೆಯವನೊಬ್ಬ ಲೈನಿಗಾಗಿ ರೇಗುತ್ತಿದ್ದ. "ಇಲ್ಲೂ ಅವೇ ಏನ್ರಿ ಅಕ್ಕಾರ?" ಎಂದೆ. "ಭಾಷಾ ಬ್ಯಾರೆ, ಹೆಂಗಸು ಆಕೀನೇ" ಎಂದರು. ನನಗೆ ಚಹಾ ಕೊಡಿಸಿದರು. ಮದುವೆ ಯಾವಾಗ ಎಂದು ಕೇಳಿದರು. ಮೌತ್‌ಪೀಸ್ ಒರೆಸಿದ್ದನ್ನು ನಾನು ಕಾಣಲಿಲ್ಲ.

ಆಮೇಲೆ ನನ್ನ ಮದುವೆಯಾಯಿತು, ಊರು ಬದಲಾಯಿತು, ಆಟೋಮ್ಯಾಟಿಕ್ ಎಕ್ಸ್‌ಚೇಂಜು ಬಂತು. ನಮ್ಮ ಬೋರ್ಡುಗಳನ್ನು ಗುಜರಿಗೆ ಹಾಕಿದರು. ಕೆಲವು ವರ್ಷದ ಹಿಂದೆ ಇಲ್ಲೇ ಸೇಡಂನಲ್ಲಿ ಒಂದು ಮುಂಜಿವೆಯ ಊಟದಲ್ಲಿ ಚಿತ್ತಾಪುರದ ಹೆಂಗಸೊಬ್ಬಳು ಸಿಕ್ಕಳು. ಅಕ್ಕನ ಬಗ್ಗೆ ಕೇಳಿದೆ. "ಅವರು ಹೋಗಿ ಭಾಳ ದಿನ ಆತಲ್ರೀ, ನಿಮಗ ಗೊತ್ತಿಲ್ಲೇನು?" ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡಳು. ನನ್ನ ಎಲೆಯ ಮೇಲೂ ಹೋಳಿಗೆ ಇತ್ತು...

ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಆದರೆ ನಿನ್ನೆ ನೆಗಡಿಗೆ ಡಾಕ್ಟರ ಬಳಿ ಹೋಗಿ ಮಗನ ಕಾರಿನಲ್ಲಿ ವಾಪಸು ಬರುತ್ತಿದ್ದೆ. ಹಿಂದಿನ ಸೀಟಿನಲ್ಲಿ ನಾನೊಬ್ಬಳೇ. ಕೋಡ್ಲಾದ ಕಡೆಯಿಂದ ಬಂದ ಸಿಮೆಂಟಿನ ಟ್ಯಾಂಕರ್ ಲಾರಿಯೊಂದು ನಮಗೆ ಅಡ್ಡ ನುಗ್ಗಿತು. ಮಗ ಬ್ರೇಕ್ ಹಾಕಿ, ಕಿಟಕಿ ಇಳಿಸಿ, ಡ್ರೈವರನಿಗೆ ಒಂದು ಮಾತು ಅಂದ. ಕಿಟಕಿ ಏರಿಸಿ, "ಅವ್ವಾ, ಎಸಿ ಕಮ್ಮಿ ಮಾಡ್ಲೇನು? ನೆಗಡಿ ಅದ ನಿನಗ" ಎಂದ. ನನ್ನ ಮಗ ಮೃದು ಮನುಷ್ಯ. ಮನೆಯಲ್ಲಿ ದನಿ ಎತ್ತುವವನಲ್ಲ.

"ಈಗ ಏನಂದಿ?" ಎಂದೆ.

"ಎಸಿ ಕಮ್ಮಿ ಮಾಡ್ಲೇನಂದೆ."

"ಅದಲ್ಲ. ಆ ಡ್ರೈವರ್‌ಗೆ."

ಕನ್ನಡಿಯಲ್ಲಿ ನನ್ನನ್ನು ನೋಡಿದ. ನಿಜವಾಗಿಯೂ ಅವನಿಗೆ ನೆನಪಿರಲಿಲ್ಲ. "ಏನಂದೆ? ಏನೂ ಅಂದಿಲ್ಲಲ್ಲವ್ವಾ."

"ಅಂದಿ. ಇನ್ನೊಮ್ಮೆ ಅನ್ನು, ನಾ ಇಲ್ಲೇ ಕುಂತೀನಿ."

ಅವನ ಕುತ್ತಿಗೆ ಕೆಂಪಾಯಿತು. ಗೇರು ಬದಲಿಸುತ್ತ, "ಬಿಡವ್ವಾ, ಅದೆಲ್ಲ ಬಾಯಿಮಾತು" ಎಂದ. ಕೆಂಪಾದದ್ದು ನಾಚಿಕೆಗೋ ಸಿಟ್ಟಿಗೋ ಹಿಂದಿನಿಂದ ತಿಳಿಯಲಿಲ್ಲ. ನನ್ನನ್ನು ಕಾಡುತ್ತಿರುವುದು ಅದೂ ಅಲ್ಲ. ಇದೇ ಕಾರಿನಲ್ಲಿ, ಇದೇ ರಸ್ತೆಯಲ್ಲಿ, ಇವನ ಹಿಂದೆ ಇಷ್ಟು ವರ್ಷ ಕೂತಿದ್ದೇನೆ. ಲಾರಿಗಳು ನಿನ್ನೆಯೇ ಹೊಸದಾಗಿ ಅಡ್ಡ ಬಂದವಲ್ಲ. ಕಿಟಕಿ ಇಳಿದದ್ದೂ ಏರಿದ್ದೂ ನೆನಪಿದೆ, ಆ ಮಾತು ಒಂದು ಸಲವೂ ನನಗೆ ಕೇಳಿಸಿದ ನೆನಪಿಲ್ಲ. ಯಾರಾದರೂ ದನಿ ಮೆತ್ತಗೆ ಮಾಡಿ ತ್ರಾಸಾಯಿತೇ ಎಂದು ಕೇಳಿದ್ದರೆ, ನಾನೂ ಆ ಮುದುಕಿಯಂತೆ ತ್ರಾಸ ಯಾಕ್ರೀ ಎಂದುಬಿಡುತ್ತಿದ್ದೆ.

ಮನೆಗೆ ಬಂದವಳೇ ಇದನ್ನು ಯಾರಿಗಾದರೂ ಹೇಳಬೇಕೆಂದು ಫೋನ್ ಎತ್ತಿಕೊಂಡೆ. ಹೆಸರುಗಳನ್ನು ಮೇಲೆ ಕೆಳಗೆ ಸರಿಸುತ್ತ ಹೋದೆ. ಎಷ್ಟೊಂದು ನಂಬರುಗಳು... ಹೇಳಿದರೆ ತಿಳಿಯುತ್ತಿದ್ದವರು ಒಬ್ಬರೇ. ಅವರ ನಂಬರು ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ಊರಿನವರ ಲೈನೆಲ್ಲ ಜೋಡಿಸಿದವರ ಮನೆಯಲ್ಲಿ ಫೋನೇ ಇರಲಿಲ್ಲ.